ಕಪ್ಪು ಹಂಡೆಯಲ್ಲಿ ಬೆಂದ ಕನ್ನಡಕ

ನನ್ನ ಅಕ್ಕ ಪೊಲಿಕ್ಸೆನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಗಾಳದ ಕೊಕ್ಕೆ ತಗುಲಿ ಹೋಗಿತ್ತು. ಉಳಿದ ಬಲಗಣ್ಣಿನಲ್ಲಿ ಅವಳು ಎರಡು ಕಣ್ಣಿನವರಿಗಿಂತ ಹೆಚ್ಚೇ ನೋಡುತ್ತಿದ್ದಳು. ಹಿನ್ನೀರಿನ ಆಚೆ ದಡದಿಂದ ಹೊರಟ ದೋಣಿ ಯಾರದು, ಅದರಲ್ಲಿ ಕೂತವನು ಕುಡಿದಿದ್ದಾನೋ ಇಲ್ಲವೋ ಎಂಬುದನ್ನೂ ಅವಳು ನಮ್ಮ ಅಂಗಳದಿಂದಲೇ ಹೇಳುತ್ತಿದ್ದಳು.

ನಮ್ಮದು ಉಪ್ಪಿನಾಗರದ ಊರು. ಬೇಸಿಗೆಯಲ್ಲಿ ಹೆಂಗಸರೆಲ್ಲ ಆಗರಕ್ಕಿಳಿದು ಉಪ್ಪು ಎಳೆಯುತ್ತೇವೆ. ಮೇಲಿನಿಂದ ಒಬ್ಬ ಸೂರ್ಯ ಸುಡುತ್ತಾನೆ, ಉಪ್ಪಿನೊಳಗಿನಿಂದ ಇನ್ನೊಬ್ಬ. ಹೀಗೆ ಬೆಂದು ಬೆಂದು ನಮ್ಮಲ್ಲಿ ವಯಸ್ಸಾದವರ ಕಣ್ಣಿನಲ್ಲಿ, ಮೂಗಿನ ಕಡೆಯ ಮೂಲೆಯಿಂದ, ಒಂದು ಮಾಂಸದ ಎಳೆ ಹುಟ್ಟಿ ಪಾಪೆಯ ಕಡೆಗೆ ತೆವಳುತ್ತದೆ. ಅದಕ್ಕೆ ಊರಲ್ಲಿ ಉಪ್ಪಿನ ರೆಕ್ಕೆ ಅನ್ನುತ್ತಾರೆ. ಅಕ್ಕನ ಇದ್ದೊಂದು ಕಣ್ಣಿನಲ್ಲೂ ಅದು ಹುಟ್ಟಿತು. ಪತ್ರಾಸ್ ಪಟ್ಟಣದ ವೈದ್ಯರು ಅದನ್ನು ಕೆರೆದು ತೆಗೆದು, "ಮತ್ತೆ ಬೆಳೆದರೆ ನನ್ನ ಕೈಯಲ್ಲಿ ಹೆಚ್ಚೇನೂ ಉಳಿಯಲ್ಲ. ಒಳ್ಳೆ ತಂಪು ಕನ್ನಡಕ ಹಾಕದೆ ಬಿಸಿಲಿಗೆ ಕಾಲಿಡಬೇಡಿ," ಎಂದರು.

ಹಾಗಾಗಿ ಅಕ್ಕ, ನಾನು ಇಬ್ಬರೂ ಮೆಲೆತಿಸ್‌ನ ಕನ್ನಡಕದ ಅಂಗಡಿಗೆ ಹೋದೆವು. ಅಕ್ಕ ನೆಟ್ಟಗೆ ಹೋಗಿ ಕಾಡಿಗೆಯಂಥ ಕಪ್ಪು ಗಾಜಿನದೊಂದಕ್ಕೆ ಕೈ ಹಾಕಿದಳು.

"ಇದು ಕೊಡಪ್ಪ. ಇದರಲ್ಲಿ ಸೂರ್ಯನೇ ಕಾಣಲ್ಲ."

"ಸೂರ್ಯ ನಿನಗೆ ಕಾಣದಿದ್ರೆ ಸಾಲದು ತಾಯಿ," ಎಂದ ಮೆಲೆತಿಸ್, "ಸೂರ್ಯನಿಗೆ ನಿನ್ನ ಕಣ್ಣು ಕಾಣಬಾರದು."

"ಒಗಟು ಹೇಳ್ಬೇಡ. ಬಸ್ಸಿಗೆ ಹೊತ್ತಾಗುತ್ತೆ."

ಅವನು ಒಂದು ಪುಟ್ಟ ಪೆಟ್ಟಿಗೆ ತೆಗೆದ. ಅದರಲ್ಲಿ ನೀಲಿ ದೀಪವಿತ್ತು, ಗಾಜು ದಾಟಿ ಬಂದ ಬೆಳಕನ್ನು ಅಳೆಯುವ ಒಂದು ಮುಳ್ಳು ಇತ್ತು. ಅಕ್ಕ ಆರಿಸಿದ ಕಪ್ಪು ಗಾಜನ್ನು ಇಟ್ಟ. ಮುಳ್ಳು ತುದಿಯವರೆಗೂ ಓಡಿತು. ಆಮೇಲೆ ಜೇನಿನ ಬಣ್ಣದ, ತೆಳ್ಳನೆಯ ಗಾಜೊಂದನ್ನು ಇಟ್ಟ. ಮುಳ್ಳು ಅಲುಗಲಿಲ್ಲ.

"ನೋಡು. ಕಣ್ಣು ಸುಡೋ ಬೆಳಕು ಕಣ್ಣಿಗೆ ಕಾಣಲ್ಲ. ಅದನ್ನ ತಡೆಯೋದು ಗಾಜಿನ ಮೇಲಿನ ಲೇಪ, ಬಣ್ಣ ಅಲ್ಲ. ಬರೀ ಕಪ್ಪು ಹಾಕ್ಕೊಂಡ್ರೆ ಏನಾಗುತ್ತೆ? ಕತ್ತಲಾಯ್ತು ಅಂತ ಪಾಪೆ ಅಗಲವಾಗಿ ತೆರ್ಕೊಳ್ಳುತ್ತೆ. ಕಾವಲಿಲ್ಲದ ಮನೆ, ಬಾಗಿಲು ಬೇರೆ ಹಾರು ಹೊಡೆದಿದೆ. ಕಳ್ಳ ಆರಾಮಾಗಿ ಬರ್ತಾನೆ."

ಇನ್ನೊಂದು ಮಾತನ್ನೂ ಅವನು ಹೇಳಿದ. ಕಿವಿಯ ಕಡೆಯಿಂದ ನುಗ್ಗುವ ಬೆಳಕು ಸರಿಯಾಗಿ ಮೂಗಿನ ಪಕ್ಕದ ಮೂಲೆಗೇ ಬಡಿಯುತ್ತದೆ, ರೆಕ್ಕೆ ಹುಟ್ಟುವುದೂ ಅಲ್ಲೇ. ಆದ್ದರಿಂದ ಚಪ್ಪಟೆ ಕನ್ನಡಕ ಬೇಡ, ಕೆನ್ನೆಯವರೆಗೂ ಬಾಗಿ ಮುಖವನ್ನು ತಬ್ಬುವಂಥದು ಬೇಕು. ಅಂಥವು ಅವನಲ್ಲಿದ್ದದ್ದು ದೋಣಿ ಪಂದ್ಯದವರಿಗಾಗಿ ತಂದ ಜೇನು ಬಣ್ಣದವು ಮಾತ್ರ. ಅಕ್ಕ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, "ನೊಣ ನುಂಗೋಕೆ ಕೂತ ಕಪ್ಪೆ ಇದ್ದಂಗಿದೀನಿ," ಎಂದಳು.

"ನೊಣ ಕಂಡರೆ ತಾನೇ ನುಂಗೋದು. ತಗೋ," ಎಂದೆ. ನಾನೂ ಅಂಥದೇ ಒಂದನ್ನು ತೆಗೆದುಕೊಂಡೆ.

ಕಟ್ಟಿ ಕೊಡುವಾಗ ಮೆಲೆತಿಸ್ ಎಚ್ಚರಿಸಿದ: ತಣ್ಣೀರಲ್ಲಿ ತೊಳೆಯಿರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬಿಸಿ ಮಾತ್ರ ತಾಗಿಸಬೇಡಿ. ಅಕ್ಕ ಹೂಂ ಎಂದಳು, ನಾನೂ ಹೂಂ ಎಂದೆ. ಆದರೆ ಈ ಮಾತನ್ನು ಕೇಳಬೇಕಾಗಿದ್ದವಳು ಮನೆಯಲ್ಲಿದ್ದಳು, ಅಕ್ಕನ ಅತ್ತೆ ದಿಯಮಾಂತೊ.

ಭಾವ ಅರ್ಗೀರಿಸ್‌ಗಂತೂ ಆ ಕನ್ನಡಕ ದಿನದ ತಮಾಷೆಯಾಯಿತು. "ದಾರಿ ಬಿಡ್ರಪ್ಪ, ಸಿನಿಮಾದೋಳು ಉಪ್ಪು ಎಳೆಯೋಕೆ ಹೊರಟ್ಲು," ಎನ್ನುತ್ತಿದ್ದ. ಆದರೆ ದಿನಾ ಬೆಳಿಗ್ಗೆ ಅದನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿ ಅಕ್ಕನ ಮೂಗಿನ ಮೇಲೆ ತಾನೇ ಕೂರಿಸುತ್ತಿದ್ದ. "ಒಂದೇ ಕಿಟಕಿ ಇರೋ ಮನೆ ಇದು. ಗಾಜು ಚೊಕ್ಕ ಇರ್ಬೇಕು," ಎನ್ನುತ್ತಿದ್ದ. ಕೋಪಿಷ್ಠ ಮನುಷ್ಯನಾದರೂ ಹೆಂಡತಿಯ ಹತ್ತಿರ ಅವನು ಬೆಣ್ಣೆ.

ಅವನ ಕೋಪವೆಲ್ಲ ಇದ್ದದ್ದು ತಮ್ಮ ಲಾಂಬ್ರೊಸ್‌ನ ಮೇಲೆ. ಅವರಪ್ಪ ಹಿನ್ನೀರಿನಲ್ಲಿ ಬಿಟ್ಟುಹೋದ ಮೀನು ಹಿಡಿಯುವ ಕಟ್ಟೆಯನ್ನು ದಿಯಮಾಂತೊ ಪೂರ್ತಿ ಕಿರಿಯವನಿಗೆ ಕೊಟ್ಟುಬಿಟ್ಟಿದ್ದಳು. ಆ ಮುದುಕಿಯದು ಯಾವತ್ತೂ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಈಸ್ಟರ್ ಹಬ್ಬದ ರಾತ್ರಿ ಚರ್ಚಿನಂಗಳದಲ್ಲಿ ಊರೆಲ್ಲ ಒಬ್ಬರಿಗೊಬ್ಬರು ಮುತ್ತಿಟ್ಟು ಕ್ಷಮಿಸುವ ಹೊತ್ತಿನಲ್ಲಿ ಲಾಂಬ್ರೊಸ್ ಅಣ್ಣನ ಬಳಿಗೆ ಬಂದ. ಅರ್ಗೀರಿಸ್ ಮುಖ ತಿರುಗಿಸಿ, ಎಲ್ಲರಿಗೂ ಕೇಳುವ ಹಾಗೆ, "ಮಣ್ಣಿಗೆ ಹೋದ್ರೂ ನಿನ್ನ ಕ್ಷಮಿಸಲ್ಲ," ಎಂದ.

ಜೂನ್ ತಿಂಗಳಲ್ಲಿ ಅವನು ಮಣ್ಣಿಗೇ ಹೋದ. ದೋಣಿಯಲ್ಲಿ ಹುಟ್ಟುಗೋಲು ಹಿಡಿದು ನಿಂತವನ ಎದೆ ನಿಂತುಹೋಗಿತ್ತು. ಅಣ್ಣ ತಮ್ಮ ಒಂದು ಮಾತೂ ಆಡಿರಲಿಲ್ಲ.

ನಮ್ಮಲ್ಲಿ ಹೂತವರನ್ನು ಮೂರು ವರ್ಷಕ್ಕೆ ತೆಗೆಯುತ್ತಾರೆ. ಮನೆಯ ಹೆಂಗಸರು ಮೂಳೆಗಳನ್ನು ದ್ರಾಕ್ಷಿಯ ಮದ್ಯದಲ್ಲಿ ತೊಳೆದು ಪೆಟ್ಟಿಗೆಯಲ್ಲಿಡುತ್ತಾರೆ. ಮೂಳೆ ಬೆಳ್ಳಗೆ ಬಂದರೆ ಮಣ್ಣು ಅವನನ್ನು ಒಪ್ಪಿದೆ, ದೇವರು ಕ್ಷಮಿಸಿದ್ದಾನೆ ಎಂದರ್ಥ. ಹಗೆ ಹೊಟ್ಟೆಯಲ್ಲಿಟ್ಟುಕೊಂಡು ಸತ್ತವನ ಮೂಳೆ ಕಪ್ಪಾಗಿ ಬರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮೂರಲ್ಲಿ ಆಡಿಕೊಳ್ಳುವವರಿಗೇನು ಕಡಿಮೆಯೆ? ಶವದ ಪೆಟ್ಟಿಗೆ ಇಳಿಸುವ ಮೊದಲೇ ಮಾತು ಶುರುವಾಗಿತ್ತು: "ಅರ್ಗೀರಿಸ್‌ನದು ಇದ್ದಿಲ ಥರ ಬರುತ್ತೆ, ನೋಡ್ತಿರು."

ಅದು ಅಕ್ಕನ ಕಿವಿಗೂ ಬಿತ್ತು. ಸಮಾಧಿಯಿಂದ ಬರುವಾಗ ಅವಳು ನನ್ನ ಕೈ ಹಿಡಿದು ಹೇಳಿದಳು: "ಅಸಿಮೀನ, ಇವರ್‍ಯಾರ ಬಾಯಿಂದಾನೂ ನಾನು ಕೇಳಲ್ಲ ಕಣೇ. ಮೂರು ವರ್ಷಕ್ಕೆ ಅವನನ್ನ ಮೇಲೆತ್ತಿದಾಗ ನನ್ನ ಈ ಕಣ್ಣಿಂದ ನಾನೇ ನೋಡ್ಬೇಕು. ಕ್ಷಮೆ ಸಿಕ್ತೋ ಇಲ್ವೋ ನನಗೆ ಗೊತ್ತಾಗ್ಬೇಕು. ಅಲ್ಲಿವರೆಗೆ ಈ ಕಣ್ಣೊಂದು ಉಳಿದ್ರೆ ಸಾಕು."

ಮಾರನೆಯ ದಿನ ನಾನು ಮೀನಿನ ಸಾರು ಮಾಡಿಕೊಂಡು ಅವರ ಮನೆಗೆ ಹೋದರೆ ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಸಾವಿನ ಮನೆಯ ಕಪ್ಪು ಹಂಡೆ. ವಿಧವೆಯ ಲಂಗ, ರವಿಕೆ, ತಲೆವಸ್ತ್ರ, ಕಾಲುಚೀಲ, ಅವಳ ಮೈಗೆ ತಾಗುವ ಬಣ್ಣದ್ದೆಲ್ಲ ಆ ಕಪ್ಪಿನಲ್ಲಿ ಮುಳುಗಿ ಏಳಬೇಕು. ದಿಯಮಾಂತೊ ಕೋಲಿನಿಂದ ಕದಡುತ್ತಿದ್ದಳು. ಬೆಳೆದ ಮಗನನ್ನು ಕಳೆದುಕೊಂಡವಳು, ಅಳು ಬತ್ತಿ ಮುಖ ಬಿಗಿದಿತ್ತು. ಕೋಲಿನ ತುದಿಯಲ್ಲಿ ಕಾಲುಚೀಲ ಮೇಲೆ ಬಂತು. ಅದಕ್ಕೆ ಸಿಕ್ಕಿಕೊಂಡು ಕನ್ನಡಕವೂ ಬಂತು.

ನನ್ನ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟೆ.

"ಅತ್ತೆ, ಏನು ಮಾಡಿದ್ರಿ ಇದು?"

"ಏನು ಮಾಡ್ದೆ? ಮಗನ ಮೇಲಿನ ಮಣ್ಣು ಇನ್ನೂ ಹಸಿ. ಇವಳು ಜೇನು ಬಣ್ಣ ಏರಿಸ್ಕೊಂಡು ಬೀದೀಲಿ ಹೋದ್ರೆ ಜನ ಏನಂತಾರೆ? ಹಾಕ್ಕೋಬೇಡ ಅಂದ್ರೆ ಕಣ್ಣು ಹೋಗುತ್ತೆ. ಅದಕ್ಕೇ ಕಪ್ಪು ಅದ್ದಿದೀನಿ. ನೋಡು, ಎಷ್ಟು ಚೆನ್ನಾಗಿ ಹಿಡ್ಕೊಂಡಿದೆ. ಈಗ ಎಲ್ಲಿಗೆ ಬೇಕಾದ್ರೂ ಹಾಕ್ಕೊಂಡು ಹೋಗ್ಲಿ."

"ಕುದಿಯೋ ನೀರಲ್ಲಿ ಹಾಕಿದ್ರೆ ಲೇಪ ಉಳಿಯುತ್ತಾ? ಬಿಸಿ ತಾಗಿಸಬೇಡಿ ಅಂತ ಹೇಳಿ ಕೊಟ್ಟಿದ್ದ ಅವನು."

"ಲೇಪವೋ ಲೇಹ್ಯವೋ. ಕಪ್ಪು ಜಾಸ್ತಿಯಾದ್ರೆ ಬಿಸಿಲು ಕಮ್ಮಿಯಾಗುತ್ತೆ. ಇಷ್ಟು ಗೊತ್ತಿಲ್ವಾ ನಿಂಗೆ? ಪಾದ್ರಿಯ ಕೊಡೆ ಯಾಕೆ ಕಪ್ಪಿರುತ್ತೆ?"

ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಳಾಡಬಹುದಿತ್ತು. ಸೊಸೆಯ ಕಣ್ಣು ಉಳಿಯಲಿ, ಮಾನವೂ ಉಳಿಯಲಿ ಎಂದೇ ಅವಳು ಅದನ್ನು ಬೇಯಿಸಿದ್ದಳು. ಕನ್ನಡಕವನ್ನು ಕೋಲಿನಿಂದ ಬಿಡಿಸಿಕೊಂಡು ಮೆಲೆತಿಸ್‌ನ ಅಂಗಡಿಗೆ ಒಯ್ದೆ.

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಮುಖವನ್ನು ತಬ್ಬಬೇಕಾದ ಎರಡು ತೋಳುಗಳೂ ಬಿಸಿಗೆ ಸೊಟ್ಟಗಾಗಿ ಅಗಲಕ್ಕೆ ಚಾಚಿಕೊಂಡಿದ್ದವು. ಗಾಜನ್ನು ಪೆಟ್ಟಿಗೆಗೆ ಇಟ್ಟ. ಮುಳ್ಳು ಒಂದೇ ಸಲಕ್ಕೆ ತುದಿಗೆ ಹೋಯಿತು.

"ಕಪ್ಪು ಇದೆ, ಕಾವಲಿಲ್ಲ," ಎಂದ. "ಇದನ್ನ ಹಾಕ್ಕೊಳ್ಳೋದಕ್ಕಿಂತ ಬರಿಗಣ್ಣಲ್ಲಿ ಹೋಗೋದು ವಾಸಿ. ಅಥೆನ್ಸ್‌ನಿಂದ ಕಪ್ಪು ಗಾಜಿನದೇ ತರಿಸ್ತೀನಿ. ಬಾಗಿರೋದು, ಲೇಪ ಇರೋದು. ದುಃಖದ ಮನೆಯೋರಿಗೂ ಸರಿಯಾಗುತ್ತೆ."

ನನ್ನ ಎದೆಯ ಭಾರ ಇಳಿಯಿತು. ಕನ್ನಡಕ ಬಂದ ದಿನವೇ ಅದನ್ನು ಹಿಡಿದು ಅಕ್ಕನ ಮನೆಗೆ ಓಡಿದೆ. ಅಕ್ಕ ಪೊಟ್ಟಣ ಬಿಚ್ಚಿ, ಕೈ ಸುಟ್ಟವಳ ಹಾಗೆ ಮೇಜಿನ ಮೇಲಿಟ್ಟುಬಿಟ್ಟಳು.

"ಹೊಸದಾ ಇದು?"

"ಹೊಸದಲ್ದೆ ಹಳೇದು ತರ್ತೀನಾ?"

"ಹೊಸ ಕಪ್ಪು ಮನೆಯೊಳಗೆ ತಂದಿದೀಯಲ್ಲೇ," ಎಂದಳು.

ಆಗ ನನಗೆ ನೆನಪಾಯಿತು. ನೆನಪಾಯಿತು ಎಂದರೆ, ಗೊತ್ತಿದ್ದದ್ದನ್ನು ನಾನು ಬೇಕೆಂದೇ ಬದಿಗಿಟ್ಟಿದ್ದೆ. ಸಾವಿನ ಮನೆಯವರು ಕಪ್ಪನ್ನು ಕೊಳ್ಳುವುದಿಲ್ಲ, ಇದ್ದದ್ದನ್ನೇ ಅದ್ದುತ್ತಾರೆ. ಹೊಸ ಕಪ್ಪು ಹೊಸ ಹೆಣವನ್ನು ಕರೆಯುತ್ತದೆ. ಅಕ್ಕನ ಒಬ್ಬನೇ ಮಗ ಸ್ಟೆರ್ಗಿಯೊಸ್ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ, ಅಪ್ಪನ ಮಣ್ಣಿಗೂ ಬರಲಾಗದಷ್ಟು ದೂರದ ಸಮುದ್ರದಲ್ಲಿ.

"ಮಗ ನೀರಿನ ಮೇಲಿದಾನೆ ಅಸಿಮೀನ," ಎಂದಳು ಅಕ್ಕ. "ನನ್ನ ಒಂದು ಕಣ್ಣಿಗಾಗಿ ಅವನನ್ನ ಪಣಕ್ಕಿಡಲಾ?"

"ಗಾಜಿಗೂ ಹಡಗಿಗೂ ಏನೇ ಸಂಬಂಧ?"

"ಇಲ್ದೇ ಇರ್ಬಹುದು. ಇದ್ರೆ?"

ಪಾದ್ರಿಯನ್ನು ಕರೆದುಕೊಂಡು ಬಂದೆ. ಅವರು ಬಂದು ಕೂತು ಕಾಫಿ ಕುಡಿದು, "ದೇವರು ಬಣ್ಣ ನೋಡಲ್ಲ ಮಗಳೇ, ಹಾಕ್ಕೋ," ಎಂದರು. ಅವರು ಬಾಗಿಲು ದಾಟುವುದನ್ನೇ ಕಾದಿದ್ದ ದಿಯಮಾಂತೊ, "ಅವರಿಗೇನು, ಅವರ ಮನೇಲಿ ಎಲ್ರೂ ಬದುಕಿದಾರೆ," ಎಂದಳು. ಹೊಸ ಕನ್ನಡಕ ನನ್ನ ಜೊತೆಯಲ್ಲೇ ವಾಪಸ್ಸು ಬಂತು, ಬೆಂದದ್ದನ್ನು ಮಾತ್ರ ಅಕ್ಕ ಕೇಳಿ ಇಸಿದುಕೊಂಡಳು.

ಕಡೆಗೆ ನನ್ನ ಜೇನು ಬಣ್ಣದ್ದನ್ನೇ ಕೊಟ್ಟೆ. ಅದು ಹೊಸದೂ ಅಲ್ಲ, ಕಪ್ಪೂ ಅಲ್ಲ, ಆಗರದಲ್ಲಿ ಕೆಲಸ ಮಾಡುವಾಗ ಮಾತ್ರ ಹಾಕಿಕೋ ಎಂದು ಕಾಲು ಹಿಡಿಯುವುದೊಂದು ಬಾಕಿ. ಒಂದು ಬೆಳಿಗ್ಗೆ ಹಾಕಿಕೊಂಡಳು. ಪಕ್ಕದ ಪಾತಿಯಿಂದ ಯಾವಳೋ ಒಬ್ಬಳು, "ವಿಧವೆಗೆ ಬೇಸಿಗೆ ರಜ ಸಿಕ್ಕಂಗಿದೆ," ಎಂದಳು. ಉಳಿದವರು ನಕ್ಕರು. ನಾನು ಗುದ್ದಲಿ ಎಸೆದು ಅವಳ ಮೇಲೆ ಹೋದೆ. ನಾನು ತಿರುಗಿ ಬರುವಷ್ಟರಲ್ಲಿ ಅಕ್ಕ ಬೆಂದ ಕನ್ನಡಕವನ್ನು ಹಾಕಿಕೊಂಡು, ತಲೆ ತಗ್ಗಿಸಿ ಉಪ್ಪು ಎಳೆಯುತ್ತಿದ್ದಳು.

"ಇದು ಅವನು ಒರೆಸಿ ಕೊಡ್ತಿದ್ದದ್ದು ಕಣೇ," ಎಂದಳು. "ಇದಿರ್ಲಿ ಬಿಡು."

ಅದಕ್ಕೆ ನಾನೇನು ಹೇಳಲಿ? ಗಂಡನ ಬೆರಳು ತಾಗಿದ ವಸ್ತು ಎಂಬುದರ ಮುಂದೆ ಮೆಲೆತಿಸ್‌ನ ಮುಳ್ಳಿಗೆ ಯಾವ ಬೆಲೆ? ಆ ಬೇಸಿಗೆಯೂ ಅದರ ಮುಂದಿನ ಬೇಸಿಗೆಯೂ ಅವಳು ಅದನ್ನೇ ಹಾಕಿಕೊಂಡು ಬೆಳ್ಳನೆಯ ಬೆಂಕಿಯಲ್ಲಿ ನಿಂತಳು. ನಾನು ಹೇಳುತ್ತಲೇ ಇದ್ದೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. "ನಂಗೆ ಕತ್ತಲೆ ಕಾಣ್ತಿದೆ, ಬೆಳಕು ಎಲ್ಲಿಂದ ಒಳಗೆ ಹೋಗುತ್ತೆ?" ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು. ಕಪ್ಪು ತನ್ನನ್ನು ಕಾಯುತ್ತಿದೆ ಎಂದು ಅವಳು ಮನಸಾರೆ ನಂಬಿದ್ದಳು.

ಎರಡನೆಯ ಬೇಸಿಗೆ ಮುಗಿಯುವಾಗ ರೆಕ್ಕೆ ಮತ್ತೆ ಬಂದಿತ್ತು, ಮೊದಲಿಗಿಂತ ದಪ್ಪಗೆ, ಕೆಂಪಗೆ. ವೈದ್ಯರು ಬೈದು, ಮತ್ತೊಮ್ಮೆ ಕೆರೆದರು. ಈ ಸಲ ಪಾಪೆಯ ಮೇಲೇ ಬಿಳಿ ಕಲೆ ನಿಂತಿತು. ಕನ್ನಡಕವನ್ನು ಕೈಗೆ ತೆಗೆದುಕೊಂಡು ನೋಡಿ, "ಯಾರಮ್ಮ ಇದನ್ನ ಹಾಕಿಸಿದ್ದು?" ಎಂದು ಕೇಳಿದರು. ಜೊತೆಗೆ ಬಂದಿದ್ದ ದಿಯಮಾಂತೊ ಗೋಡೆ ನೋಡಿದಳು. ಹೊರಗೆ ಬಂದ ಮೇಲೆ ವೈದ್ಯರು ನನ್ನೊಬ್ಬಳನ್ನೇ ಕರೆದು, ಇನ್ನು ಇವರಿಗೆ ನೆರಳಿನಲ್ಲಿ ಆಕಾರಗಳು ಕಂಡಾವು, ಬಿಸಿಲಿಗೆ ಬಂದರೆ ಎಲ್ಲವೂ ಬಿಳಿ ಮಂಜು ಎಂದರು.

ಅಕ್ಕ ಆಮೇಲೆ ಆಗರಕ್ಕೆ ಬರಲಿಲ್ಲ. ಆದರೆ ಕಾಣುವುದಿಲ್ಲ ಎಂದು ಯಾರ ಮುಂದೆಯೂ ಒಪ್ಪಿಕೊಳ್ಳಲೂ ಇಲ್ಲ. ಹೆಜ್ಜೆಯ ಸದ್ದು ಕೇಳಿ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಒಮ್ಮೆ ನನ್ನೆದುರಿಗೇ ಕಾಫಿಯನ್ನು ಬಟ್ಟಲಿನ ಪಕ್ಕಕ್ಕೆ ಬಗ್ಗಿಸಿದಳು. ನಾನು ಸದ್ದಿಲ್ಲದೆ ಬಟ್ಟಲನ್ನು ಧಾರೆಯ ಕೆಳಗೆ ಸರಿಸಿದೆ. ಮೇಜಿನ ಮೇಲೆ ಹರಿದ ಕಾಫಿ ಅವಳ ಕೈಗೆ ತಾಗಿತು, ಅವಳೂ ಸದ್ದಿಲ್ಲದೆ ತಲೆವಸ್ತ್ರದ ಚುಂಗಿನಿಂದ ಒರೆಸಿದಳು.

"ಆ ಒಂದು ದಿನ ಕಂಡ್ರೆ ಸಾಕು ಅಸಿಮೀನ," ಎಂದಳು. "ಆಮೇಲೆ ಹೋದ್ರೆ ಹೋಗ್ಲಿ."

ಆ ದಿನವೂ ಬಂತು. ಜೂನ್ ತಿಂಗಳ ಬೆಳಗು, ಸ್ಮಶಾನದ ಸುಣ್ಣದ ಗೋಡೆಗಳ ಮೇಲೆ ಆಗಲೇ ಬಿಸಿಲು ಉರಿಯುತ್ತಿತ್ತು. ಸ್ಟೆರ್ಗಿಯೊಸ್ ಕ್ಷೇಮವಾಗಿದ್ದ, ಆದರೆ ಅವನ ಹಡಗು ದಡಕ್ಕೆ ಇನ್ನೂ ದೂರವಿತ್ತು. ನಾವು ನಾಲ್ಕಾರು ಹೆಂಗಸರು, ಪಾದ್ರಿ, ಗುಂಡಿ ತೆಗೆಯುವವನು. ಬರಬಾರದೆಂದು ಯಾರೂ ಹೇಳದಿದ್ದರೂ ಹೇಳಿಸಿಕೊಂಡವನ ಹಾಗೆ ಲಾಂಬ್ರೊಸ್ ದೂರದಲ್ಲಿ, ಬಾಗಿಲ ಹತ್ತಿರ, ಟೋಪಿಯನ್ನು ಕೈಯಲ್ಲಿ ಹಿಸುಕುತ್ತ ನಿಂತಿದ್ದ. ಮೂರು ವರ್ಷದಲ್ಲಿ ಅವನು ಮುದುಕನಾಗಿಬಿಟ್ಟಿದ್ದ.

ಮಣ್ಣು ಸರಿಯಿತು. ಗುದ್ದಲಿ ಬಿಟ್ಟು ಗುಂಡಿಯವನು ಕೈಯಿಂದ ಬಗೆಯತೊಡಗಿದಾಗ ಹೆಂಗಸರ ಗೋಳು ನಿಂತಿತು. ಅಕ್ಕ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಳು. ಸತ್ತವರನ್ನು ಗಾಜು ಅಡ್ಡ ಇಟ್ಟುಕೊಂಡು ನೋಡಬಾರದು. ಅವಳ ಬರಿಗಣ್ಣನ್ನು ನಾನು ಹೊರಗಿನ ಬೆಳಕಿನಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು. ಹಾಲಿನ ಕೆನೆ ಕಟ್ಟಿದಂತಿತ್ತು.

ತಲೆಯನ್ನು ಮೊದಲು ಹೆಂಡತಿಯ ಕೈಗೆ ಕೊಡಬೇಕು. ಗುಂಡಿಯವನು ಅದನ್ನು ಮೇಲೆತ್ತಿದ. ಮೇಲೆತ್ತಿದ್ದೇ ತಡ, ನನ್ನ ಪಕ್ಕದಲ್ಲಿದ್ದ ಹೆಂಗಸು ಉಸಿರು ಒಳಕ್ಕೆಳೆದುಕೊಂಡಳು. ಮೂಳೆ ಕಪ್ಪಾಗಿತ್ತು. ಮಣ್ಣಿನ ಕಪ್ಪಲ್ಲ, ಒರೆಸಿದರೆ ಹೋಗುವುದಲ್ಲ. ಹೊಗೆಸೊಪ್ಪಿನಂಥ, ಒಳಗಿನಿಂದ ಬಂದ ಕಪ್ಪು.

ಅಕ್ಕ ಎರಡೂ ಕೈ ಚಾಚಿ ತೆಗೆದುಕೊಂಡಳು. ಹಣೆಗೆ ಮುತ್ತಿಟ್ಟಳು. ಆಮೇಲೆ ಅದನ್ನು ಬಿಸಿಲಿಗೆ ಎತ್ತಿ ಹಿಡಿದು ತನ್ನ ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು. ಬಹಳ ಹೊತ್ತು ನೋಡಿದಳು. ನೋಡುತ್ತ ನೋಡುತ್ತ, ಮೂರು ವರ್ಷದಿಂದ ಬಿಗಿದಿದ್ದ ಅವಳ ಮುಖ ಸಡಿಲವಾಯಿತು.

"ಬೆಳ್ಳಗಿದಾನೆ," ಎಂದಳು. "ಬೆಳ್ಳಗಿದಾನೆ ಕಣ್ರೇ. ಒಂದು ಚುಕ್ಕೇನೂ ಇಲ್ಲ."

ನಾನು ಬಾಯಿಗೆ ಬಂದದ್ದನ್ನು ಆಡಿಬಿಡುವವಳು, ಊರಿಗೆಲ್ಲ ಗೊತ್ತು. ಆ ಕ್ಷಣದಲ್ಲಿ ತಲೆ ತಗ್ಗಿಸಿ ಬಟ್ಟಲಿಗೆ ಮದ್ಯ ಸುರಿಯತೊಡಗಿದೆ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ದಿಯಮಾಂತೊ ಕೋಲೂರಿಕೊಂಡು ಮುಂದೆ ಬಂದಳು. ಹೆತ್ತ ಮಗನ ಕಪ್ಪು ಮೂಳೆಯನ್ನು ಎರಡು ಒಳ್ಳೆಯ ಕಣ್ಣುಗಳಿಂದ ನೋಡಿದಳು.

"ಹೌದು ಮಗಳೇ," ಎಂದಳು. "ಉಪ್ಪಿನ ಹಾಗೆ ಬೆಳ್ಳಗಿದಾನೆ."

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೌದು ಹೌದು ಎಂದರು. ಆಗರದಲ್ಲಿ ನಕ್ಕವಳೂ ಇದ್ದಳು, ಅವಳೂ ಹೌದೆಂದಳು. ನಾನು ಮದ್ಯದ ಬಟ್ಟಲು ಹಿಡಿದು ಮಂಡಿಯೂರಿ ಕೂತೆ.

ಅಕ್ಕ ತಲೆಯೆತ್ತಿದಳು. "ಲಾಂಬ್ರೊಸ್ ಬಂದಿದಾನಾ? ಬಂದಿರ್ತಾನೆ, ನಂಗೊತ್ತು," ಎಂದಳು. ಬಾಗಿಲಿಗೆ ಬೆನ್ನು ಹಾಕಿ, ಯಾರೂ ಇಲ್ಲದ ಗೋಡೆಯ ಕಡೆ ತಿರುಗಿ, ಆ ತಲೆಯನ್ನು ಎತ್ತಿ ತೋರಿಸಿದಳು. "ನೋಡಪ್ಪ, ನೋಡು. ನಿಮ್ಮಣ್ಣ ಸಿಟ್ಟು ಬಿಟ್ಟಿದಾನೆ. ನಿನ್ನ ಮೇಲೆ ಏನೂ ಇಟ್ಕೊಂಡಿಲ್ಲ. ಕಾಣ್ತಾ?"

ಲಾಂಬ್ರೊಸ್‌ಗೆ ಕಂಡಿತ್ತು. ದೂರದಿಂದಲೇ ಚೆನ್ನಾಗಿ ಕಂಡಿತ್ತು. ಅವನು ಬೂಟಿನ ಸದ್ದಾಗದ ಹಾಗೆ ಸಮಾಧಿಗಳ ನಡುವೆ ಸುತ್ತಿ ಬಂದು, ಅವಳು ಮುಖ ಮಾಡಿದ್ದ ಗೋಡೆಯ ಮುಂದೆ ಹೋಗಿ ನಿಂತು, "ಕಾಣ್ತು ಅತ್ತಿಗೆ," ಎಂದ.